ಬಿಟ್ಟುಕೊಟ್ಟ ಎರಡು ಟ್ರಿಕ್ಕು

ಮಾರ್ಚ್ ೩
ಲಿಫ್ಟ್ ತಪಾಸಣಾ ಕಚೇರಿಯ ಅತಿಥಿಗೃಹ

ಪ್ರೀತಿಯ ಚೋಟು,

ಬಂದು ಸೇರಿದೆ. ಕೋಣೆ ಚೆನ್ನಾಗಿದೆ ಎಂದು ಬರೆದರೆ ಸುಳ್ಳಾಗುತ್ತದೆ. ಕಿಟಕಿ ತೆರೆದರೆ ಎದುರು ಕಟ್ಟಡದ ನೀರಿನ ಪೈಪು, ಮುಚ್ಚಿದರೆ ಹೊಸ ಬಣ್ಣದ ವಾಸನೆ. ಇನ್ನೊಂದು ವರ್ಷ ಈ ಊರಿನ ಹಳೆಯ ಲಿಫ್ಟುಗಳೆಲ್ಲ ನನ್ನ ತಲೆಗೆ. ನೋಡಿದ ಮೊದಲನೆಯದಕ್ಕೇ ಬೀಗ ಹಾಕಿಸಿದೆ. ತಂತಿಹಗ್ಗದ ಎಳೆಗಳು ಬಿಚ್ಚಿಕೊಂಡು ಮುದುಕನ ಮೀಸೆಯ ಹಾಗೆ ನಿಂತಿದ್ದವು. ಮಾಲೀಕನಿಗೆ ನೋಟೀಸು, ನಿವಾಸಿಗಳ ಸಂಘಕ್ಕೆ ಅದರ ಪ್ರತಿ. "ಸಂಘಕ್ಕೆ ಯಾಕೆ ಹೇಳಿದ್ರಿ ಸಾರ್, ನನಗೊಬ್ಬನಿಗೆ ಹೇಳಿದ್ರೆ ಸಾಲ್ತಿರಲಿಲ್ವಾ?" ಎಂದು ಮಾಲೀಕ ಗೋಳಾಡಿದ. ಸಾಲದು. ದೋಷ ಕಂಡರೆ ಇಬ್ಬರಿಗೂ ಬರೆಯಬೇಕು. ಹಾಗೆ ಮಾಡಿಯೇ ನನಗೆ ಎಲ್ಲ ಊರಲ್ಲೂ ಶತ್ರುಗಳು.

ಇರಲಿ, ಮುಖ್ಯ ವಿಷಯಕ್ಕೆ ಬರುತ್ತೇನೆ. ರೈಲಿನುದ್ದಕ್ಕೂ ನನ್ನ ತಲೆಯಲ್ಲಿ ಇದ್ದದ್ದು ಅದೊಂದೇ ಆಟ. ಫೋನಿನಲ್ಲಿ ಹೇಳಬಹುದಿತ್ತು, ಆದರೆ ಇಸ್ಪೀಟಿನ ಬ್ರಿಜ್ ಆಟದ ಮರಣೋತ್ತರ ಪರೀಕ್ಷೆ ಕಾಗದದ ಮೇಲೇ ಆಗಬೇಕು.

ಕ್ಲಬ್ಬಿನ ವಾರ್ಷಿಕ ಕೂಟ, ಕೊನೆಯ ಮೇಜು. ನೀನೂ ನಾನೂ ಜೋಡಿ. ಎದುರಾಳಿ ನಿನ್ನ ಯಜಮಾನರು, ಅಂದರೆ ನಮ್ಮ ಭಾವ; ಅವರ ಜೋಡಿ ನಮ್ಮ ಹಲ್ಲಿನ ಡಾಕ್ಟರು. ಭಾವ ಎದೆ ಉಬ್ಬಿಸಿ ಮೂರು ನೋ-ಟ್ರಂಪ್ ಎಂದರು. ತುರುಪಿಲ್ಲದ ಆಟ, ಹದಿಮೂರು ಸುತ್ತಿನಲ್ಲಿ, ಅಂದರೆ ಟ್ರಿಕ್ಕಿನಲ್ಲಿ, ಒಂಬತ್ತನ್ನು ನಾನೇ ಗೆಲ್ಲುತ್ತೇನೆ ಎಂಬ ಪಣ. ಡಾಕ್ಟರ ಮುಖ ನೋಡಬೇಕಿತ್ತು, ಅವರಿಗೇ ಹಲ್ಲುನೋವು ಬಂದ ಹಾಗಿತ್ತು. ನನ್ನ ಕೈಲಿ ಇದ್ದದ್ದು ನನಗೆ ಗೊತ್ತಿತ್ತಲ್ಲ, ಡಬಲ್ ಎಂದೆ. ಇನ್ನು ಪ್ರತಿ ಟ್ರಿಕ್ಕು ಕಡಿಮೆಯಾದ ಹಾಗೆಲ್ಲ ದಂಡ ಏರುತ್ತಾ ಹೋಗುತ್ತದೆ.

ಭಾವ ಮೂರು ಟ್ರಿಕ್ಕು ಕಡಿಮೆ ಬಿದ್ದರು. ನಮಗೆ ಎಂಟುನೂರು ಅಂಕ. ಇಡೀ ಕ್ಲಬ್ಬು ನಮ್ಮ ಮೇಜಿನ ಸುತ್ತ ಕಿಸಿಕಿಸಿ ನಗುತ್ತಿತ್ತು. ಆದರೆ ಅವರ ದೊಡ್ಡ ಮನಸ್ಸನ್ನು ಮೆಚ್ಚಬೇಕು. ತಾವೂ ನಕ್ಕು, ನನ್ನ ಬೆನ್ನು ತಟ್ಟಿ, "ಅಣ್ಣ ತಂಗಿ ಸೇರ್ಕೊಂಡು ನನ್ನ ಚರ್ಮ ಸುಲಿದ್ರು ನೋಡ್ರಪ್ಪಾ!" ಎಂದು ಎಲ್ಲರಿಗೂ ಚಹಾ ತರಿಸಿದರು.

ಈಗ ನಿನ್ನ ಕಿವಿ ಹಿಂಡುತ್ತೇನೆ. ಮೂರಲ್ಲ, ಐದು ಕಡಿಮೆ ಆಗಬೇಕಿತ್ತು! ನಾನು ಮೊದಲು ಆಟೀನು ಆರು ಎಸೆದೆ. ನೀನು ಎಕ್ಕ ಹಾಕಿ ಗೆದ್ದೆ. ಸರಿ. ಆಮೇಲೆ? ಮತ್ತೆ ಆಟೀನನ್ನೇ ನನಗೆ ಕೊಡಬೇಕಿತ್ತು. ಆಟೀನು ರಾಣಿ ಭಾವನ ಹತ್ತಿರ. ಅವರು ನಿನ್ನ ನಂತರ ಆಡುವವರು, ನಾನು ಅವರ ನಂತರ. ನೀನು ಕೊಟ್ಟಿದ್ದರೆ ಆ ರಾಣಿ ನಮ್ಮಿಬ್ಬರ ನಡುವೆ ಸಿಕ್ಕಿ ಸಾಯುತ್ತಿದ್ದಳು. ಜೋಡಿ ಕೇಳಿದ ಬಣ್ಣವನ್ನು ಜೋಡಿಗೆ ಹಿಂದಿರುಗಿಸು ಎನ್ನುವುದು ಮೊದಲ ಪಾಠ, ಅಪ್ಪ ನಿನಗೆ ಕುರ್ಚಿಯ ಮೇಲೆ ದಿಂಬು ಹಾಕಿ ಕೂರಿಸಿ ಹೇಳಿಕೊಟ್ಟದ್ದು. ನೀನು ಆಟೀನು ಬಿಟ್ಟು ಒಂದು ಸಣ್ಣ ಕಳಾವರ್ ಆಡಿದೆ. ಯಾಕೆ?

ಆ ಎಲೆ ಆಡುವ ಮುಂಚೆ ನೀನು ಬಹಳ ಹೊತ್ತು ತಡೆದೆ. ನಾನು ನಿಯಮದಂತೆ ಕಿಟಕಿಯ ಕಡೆ ನೋಡಿದೆ. ಜೋಡಿಯ ತಡವರಿಕೆಯಿಂದ ಏನನ್ನೂ ತಿಳಿಯಕೂಡದು, ಮುಖ ನೋಡಿ ಆಡುವುದು ಕಳ್ಳತನ ಎಂದು ಅಪ್ಪ ಹೇಳುತ್ತಿದ್ದರಲ್ಲ. ಅದಕ್ಕೇ ಇಲ್ಲಿಂದ ಕೇಳುತ್ತಿದ್ದೇನೆ. ವಿವರವಾಗಿ ಬರಿ.

ನಿನ್ನ ಅಣ್ಣ


ಮಾರ್ಚ್ ೧೨

ಅಣ್ಣನಿಗೆ ಚೋಟುವಿನ ನಮಸ್ಕಾರ.

ಬರಹ ಕಾಗೆ ಕಾಲು ಗುಬ್ಬಿ ಕಾಲು ಆಗಿದೆ, ಬೈಯಬೇಡ. ಬಲಗೈ ನಡುಬೆರಳಿಗೆ ಪಟ್ಟಿ ಕಟ್ಟಿದ್ದಾರೆ. ಬಾಗಿಲ ಸಂದಿಗೆ ಸಿಕ್ಕಿತು. ನಾನೇ ಎಕ್ಸ್-ರೇ ತೆಗೆಯುವವಳಾದ್ದರಿಂದ ಸಾಲಿನಲ್ಲಿ ನಿಲ್ಲುವುದು ಉಳಿಯಿತು.

ಆಟೀನು ಯಾಕೆ ಕೊಡಲಿಲ್ಲ ಎಂದರೆ ಏನು ಹೇಳಲಿ? ಡಾಕ್ಟರು ಡಮ್ಮಿಯಾಗಿ ತಮ್ಮ ಎಲೆಗಳನ್ನೆಲ್ಲ ಮೇಜಿನ ಮೇಲೆ ಬಿಚ್ಚಿ ಹರಡಿದಾಗ ಕಳಾವರ್ ಸೊರಗಿದ ಹಾಗೆ ಕಂಡಿತು. ಅಲ್ಲಿ ಹೊಡೆದರೆ ಲಾಭ ಅಂದುಕೊಂಡೆ. ಆವತ್ತು ಬೆಳಗಿನಿಂದ ಆಸ್ಪತ್ರೆಯಲ್ಲಿ ನಿಂತೇ ಇದ್ದೆ, ತಲೆ ಓಡಲಿಲ್ಲ. ನಿನ್ನ ಜೋಡಿಗೆ ವಯಸ್ಸಾಯಿತು ಎಂದು ತಿಳಿದು ಬಿಟ್ಟುಬಿಡು. ಕೂಟದಲ್ಲಿ ನಮಗೆ ಬಂದ ಎರಡನೆಯ ಸ್ಥಾನವೇನು ಕಡಿಮೆಯೇ?

ಒಂದು ಮಾತು. ಇನ್ನು ಮೇಲೆ ಆಟದ ವಿಷಯ ಬರೆಯುವುದಿದ್ದರೆ ಮನೆ ವಿಳಾಸಕ್ಕೆ ಬೇಡ, ಆಸ್ಪತ್ರೆಯ ಎಕ್ಸ್-ರೇ ವಿಭಾಗಕ್ಕೆ ಹಾಕು. ಮನೆಯಲ್ಲಿ ಕಾಗದ ಇವರ ಕೈಗೆ ಮೊದಲು ಸಿಗುತ್ತದೆ. ನಿನ್ನ ಹಿಂದಿನದನ್ನು ಇವರು ಊಟದ ಮೇಜಿನಲ್ಲಿ ಗಟ್ಟಿಯಾಗಿ ಓದಿದರು. "ಐದಾಗಬೇಕಿತ್ತಂತೆ" ಎಂದರು. ಆಮೇಲೆ ಮಡಿಸಿ ನನ್ನ ತಟ್ಟೆಯ ಪಕ್ಕ ಇಟ್ಟರು.

ಕಿಟಕಿ ತೆರೆದೇ ಮಲಗು. ಬಣ್ಣದ ವಾಸನೆಗೆ ನಿನಗೆ ಕೆಮ್ಮು ಬರುತ್ತದೆ.

ಚೋಟು


ಮಾರ್ಚ್ ೨೧

ಪ್ರೀತಿಯ ಚೋಟು,

ನಿನ್ನ ಆಜ್ಞೆಯಂತೆ ಆಸ್ಪತ್ರೆಗೇ ಹಾಕುತ್ತಿದ್ದೇನೆ. ಭಾವನಿಗೆ ಸೋಲು ಇನ್ನೂ ಚುರುಚುರು ಎನ್ನುತ್ತಿದೆ, ಅಲ್ಲವೇ? ಮೇಲೆ ನಗು, ಒಳಗೆ ಹೊಟ್ಟೆಯುರಿ! ಗಂಡಸರ ಜಾತಿಯೇ ಹಾಗೆ, ನನ್ನನ್ನೂ ಸೇರಿಸಿ. ಅವರ ಮೂಡು ಸರಿಮಾಡಲೆಂದು ಬ್ಯಾಂಕಿನ ವಿಳಾಸಕ್ಕೆ ಒಂದು ಚಿತ್ರದ ಕಾರ್ಡು ಕಳಿಸಿದ್ದೇನೆ. ಮುಂದುಗಡೆ ಮುಳುಗುತ್ತಿರುವ ಹಡಗು, ಹಿಂದುಗಡೆ ಬರೀ "೮೦೦" ಎಂದು ಬರೆದೆ. ಮ್ಯಾನೇಜರ್ ಸಾಹೇಬರ ಮೇಜಿಗೆ ಹೋಗುವ ಮೊದಲು ಗುಮಾಸ್ತರೆಲ್ಲ ಓದುತ್ತಾರೆ, ಒಂದು ವಾರ ನಗುತ್ತಾರೆ.

ಬೆರಳು ಜೋಪಾನ. ಬಾಗಿಲು ಹಾಕುವಾಗ ಕೈ ತೆಗೆಯಬೇಕು ಎಂದು ನಿನಗೆ ಈ ವಯಸ್ಸಿನಲ್ಲಿ ಹೇಳಿಕೊಡಬೇಕೇ?

ಕಳಾವರ್ ವಾದವನ್ನು ನಾನು ಒಪ್ಪುವುದಿಲ್ಲ. ಡಮ್ಮಿಯ ಕಳಾವರ್ ಸೊರಗಿತ್ತು, ನಿಜ. ಆದರೆ ನಾನು ಡಬಲ್ ಅಂದವನು, ನನ್ನದೇ ಬಣ್ಣವನ್ನು ಎಸೆದವನು. ಸಂತೆಗೆ ಹೋದವನು ಎಣ್ಣೆ ಕೇಳಿದರೆ ನೀನು ಸೋಪು ಕಟ್ಟಿಕೊಟ್ಟ ಹಾಗಾಯಿತು. ಹೋಗಲಿ, ದಣಿದಿದ್ದೆ, ಒಂದು ತಪ್ಪನ್ನು ಕ್ಷಮಿಸಿದ್ದೇನೆ.

ಆದರೆ ನಿನ್ನೆ ಅಷ್ಟೂ ಎಲೆಗಳನ್ನು ಮಂಚದ ಮೇಲೆ ಹರಡಿ ಮತ್ತೆ ಆಡಿ ನೋಡಿದಾಗ ಎರಡನೆಯದು ಸಿಕ್ಕಿತು. ನಾನು ಉಳಿದ ಆಟೀನುಗಳನ್ನು ಒಂದೊಂದಾಗಿ ಎಳೆಯುತ್ತಿದ್ದೆ. ನಿನ್ನ ಹತ್ತಿರ ಆಟೀನು ಮುಗಿದಿತ್ತು, ಏನನ್ನಾದರೂ ಎಸೆಯಬೇಕು. ಡಮ್ಮಿಯಲ್ಲಿ ಐದು ಡೈಮಂಡು ಎಲ್ಲರ ಕಣ್ಣೆದುರಿಗೇ ಬಿದ್ದಿತ್ತು. ನಿನ್ನ ಕೈಲಿ ರಾಣಿ ಸೇರಿ ನಾಲ್ಕು. ಆ ನಾಲ್ಕೂ ಕಾವಲುಗಾರರು. ಒಬ್ಬನನ್ನು ಕಳಿಸಿದರೂ ಬೇಲಿ ಹಾರಿ ಬರುತ್ತಾರೆ. ಎಸೆಯುವುದಕ್ಕೆ ಕೆಲಸಕ್ಕೆ ಬಾರದ ಕಳಾವರ್ ನಿನ್ನ ಹತ್ತಿರ ಬೇಕಾದಷ್ಟಿತ್ತು. ನೀನು ಡೈಮಂಡನ್ನೇ ಎಸೆದೆ! ಡಮ್ಮಿಯ ಕೊನೆಯ ಡೈಮಂಡು ಅದರಿಂದಲೇ ಗೆದ್ದಿತು.

ಆಗಲೂ ನೀನು ತಡೆದೆ, ನಾನು ಆಗಲೂ ಕಿಟಕಿ ನೋಡಿದೆ. ಊರಿನಲ್ಲಿ ನಿನ್ನಂತೆ ಎಲೆ ಎಣಿಸುವವರು ಇನ್ನೊಬ್ಬರಿಲ್ಲ. ನನಗೆ ಅರ್ಥವಾಗುತ್ತಿಲ್ಲ, ಚೋಟು.

ಅಣ್ಣ


ಏಪ್ರಿಲ್ ೫

ಅಣ್ಣ,

ಅವರಿಗೆ ಅಂಥ ಕಾರ್ಡು ಇನ್ನು ಕಳಿಸಬೇಡ. ದಮ್ಮಯ್ಯ ಅನ್ನುತ್ತೇನೆ. ನೀನು ತಮಾಷೆಗೆ ಮಾಡಿದ್ದು ಎಂದು ನನಗೆ ಗೊತ್ತು. ಅವರೂ ಬ್ಯಾಂಕಿನಲ್ಲಿ ಎಲ್ಲರ ಎದುರು ನಕ್ಕರಂತೆ. ಮನೆಗೆ ತಂದು ಕನ್ನಡಿಯ ಚೌಕಟ್ಟಿಗೆ ಸಿಕ್ಕಿಸಿದ್ದಾರೆ. ತೆಗೆಯಕೂಡದಂತೆ.

ಡೈಮಂಡು ತಪ್ಪಿ ಬಿತ್ತು. ಅಷ್ಟೇ.

ಇಲ್ಲಿ ಕೆಲಸ ಜಾಸ್ತಿ. ಹೋದ ವಾರ ಒಬ್ಬ ಹೆಂಗಸು ಬೆರಳಿನ ಚಿತ್ರಕ್ಕೆ ಬಂದಿದ್ದಳು. ಬಾಗಿಲಿಗೆ ಸಿಕ್ಕಿತು ಎಂದಳು. ಬಾಗಿಲಿಗೆ ಸಿಕ್ಕ ಮೂಳೆ ಜಜ್ಜಿ ಚೂರಾಗುತ್ತದೆ ಅಣ್ಣ. ಅವಳದು ಬುಡದಿಂದ ತುದಿಗೆ ಓರೆಯಾಗಿ ಸೀಳಿತ್ತು, ಒದ್ದೆ ಬಟ್ಟೆ ಹಿಂಡಿದ ಹಾಗೆ. ಯಾರಾದರೂ ಹಿಡಿದು ತಿರುಚಿದರೆ ಮಾತ್ರ ಹಾಗಾಗುವುದು. ಬೆಳಕಿನ ಪೆಟ್ಟಿಗೆಯ ಮೇಲೆ ಚಿತ್ರ ಇಟ್ಟುಕೊಂಡು ಬಹಳ ಹೊತ್ತು ನೋಡಿದೆ. ಯಾರೂ ಏನೂ ಕೇಳಲಿಲ್ಲ, ಅವಳೂ ಹೇಳಲಿಲ್ಲ. ಪಟ್ಟಿ ಕಟ್ಟಿಸಿಕೊಂಡು ಮನೆಗೆ ಹೋದಳು.

ನಿನ್ನ ಅತಿಥಿಗೃಹದಲ್ಲಿ ಇನ್ನೊಂದು ಕೋಣೆ ಸಿಗುತ್ತದೆಯೇ? ನನಗೆ ರಜೆ ಬಾಕಿ ಇದೆ. ಸ್ವಲ್ಪ ದಿನ ಬಂದು ಇರೋಣವೆಂದು. ಒಬ್ಬಳೇ ಬರುತ್ತೇನೆ. ಅಡುಗೆಗೆ ನಿನಗೂ ಅನುಕೂಲ. ಅವರಿಗೆ ಇನ್ನೂ ಹೇಳಿಲ್ಲ, ನೀನೂ ಹೇಳಬೇಡ, ಕೋಣೆ ಗೊತ್ತಾದ ಮೇಲೆ ನಾನೇ ನೋಡಿಕೊಳ್ಳುತ್ತೇನೆ. ಬೇಗ ಬರೆದರೆ ಒಳ್ಳೆಯದು.

ಚೋಟು


ಏಪ್ರಿಲ್ ೧೪

ತಂಗಿಗೆ,

ಕೋಣೆಯ ವಿಷಯ ಮೊದಲು ಮುಗಿಸುತ್ತೇನೆ. ಇದು ಗಂಡಸರ ಬಿಡದಿ, ಸ್ನಾನದ ಮನೆ ಕೂಡ ಎಲ್ಲರಿಗೂ ಒಂದೇ. ಮಳೆಗಾಲ ಕಳೆಯಲಿ, ಮನೆ ಹಿಡಿಯುತ್ತೇನೆ, ಭಾವನನ್ನೂ ಕರೆದುಕೊಂಡು ಬಾ. ಗಂಡನಿಗೆ ಹೇಳದೆ ಹೊರಡುವ ಮಾತು ನಿನಗೆ ಒಪ್ಪುವುದಲ್ಲ. ಸಣ್ಣಪುಟ್ಟ ಮುನಿಸು ಯಾವ ಮನೆಯಲ್ಲಿಲ್ಲ? ಆ ಹೆಂಗಸಿನ ಕಥೆ ಓದಿ ಪಾಪ ಎನ್ನಿಸಿತು.

ಇನ್ನು ನಾನು ಬರೆಯುವುದು ನನಗೂ ಕಷ್ಟ. ಆದರೆ ಬರೆಯದೆ ಇರಲಾರೆ.

ಲಿಫ್ಟು ಕೆಟ್ಟರೆ ಒಮ್ಮೆ ಮೇಲೆ ನಿಲ್ಲುತ್ತದೆ, ಒಮ್ಮೆ ಕೆಳಗೆ. ಪ್ರತಿ ಸಲವೂ ಒಂದೇ ಮಹಡಿಯಲ್ಲಿ ನಿಂತರೆ ಅದು ಕೆಟ್ಟಿಲ್ಲ, ಯಾರೋ ಗುಂಡಿ ಒತ್ತುತ್ತಿದ್ದಾರೆ. ನಿನ್ನ ಆಟವನ್ನು ನಾನು ಮೂರನೆಯ ಸಲ ಹರಡಿ ನೋಡಿದೆ. ದಣಿದವರು ತಪ್ಪು ಮಾಡಿದರೆ ಒಂದು ತಪ್ಪು ಅತ್ತ, ಒಂದು ಇತ್ತ. ನಿನ್ನ ಎರಡೂ ತಪ್ಪು ಭಾವನ ಕಡೆಗೆ. ಎರಡರಲ್ಲೂ ನಷ್ಟ ಸರಿಯಾಗಿ ಒಂದೊಂದು ಟ್ರಿಕ್ಕು, ಹೆಚ್ಚಿಲ್ಲ ಕಡಿಮೆಯಿಲ್ಲ. ಎರಡಕ್ಕೂ ಮುಂಚೆ ತಡವರಿಕೆ. ಉಳಿದ ಎಲೆಗಳನ್ನು ನೀನು ಗಡಿಯಾರದ ಹಾಗೆ ಆಡಿದ್ದೀಯೆ.

ನೀನು ಬೇಕೆಂದೇ ಬಿಟ್ಟುಕೊಟ್ಟೆ. ಗಂಡನ ಮುಖ ಸಣ್ಣದಾಗಬಾರದೆಂದು ಜೋಡಿಯ ಕತ್ತು ಕೊಯ್ದೆ. ಹೆಂಡತಿಯ ಪ್ರೀತಿ ದೊಡ್ಡದು, ಒಪ್ಪಿದೆ. ಆದರೆ ಮೇಜಿಗೆ ಕೂತ ಮೇಲೆ ಗಂಡನಿಲ್ಲ, ಅಣ್ಣನಿಲ್ಲ, ಇರುವುದು ಜೋಡಿ ಒಬ್ಬನೇ. ನನ್ನೆದುರು ಕೂತು, ನನ್ನ ಡಬಲ್ಲಿಗೆ ತಲೆಯಾಡಿಸಿ, ಅವರಿಗಾಗಿ ಆಡಿದೆಯಲ್ಲ! ಇಷ್ಟು ವರ್ಷದಲ್ಲಿ ನನಗೆ ಇಷ್ಟು ನೋವಾದದ್ದು ಇಲ್ಲ. ಬಾಯಿ ಬಿಟ್ಟು ಹೇಳುತ್ತಿದ್ದೇನೆ, ನನಗೆ ಅಳು ಬಂತು.

ದೋಷ ಕಂಡ ಮೇಲೆ ಮುಚ್ಚಿಡುವುದು ನನ್ನಿಂದಾಗದು. ಕ್ಲಬ್ಬಿನ ಕಾರ್ಯದರ್ಶಿಗೆ ಬರೆದಿದ್ದೇನೆ: ನನ್ನ ಜೋಡಿ ಆ ಆಟದಲ್ಲಿ ಎದುರಾಳಿಗೆ ಉದ್ದೇಶಪೂರ್ವಕವಾಗಿ ಎರಡು ಟ್ರಿಕ್ಕು ಬಿಟ್ಟುಕೊಟ್ಟಿದ್ದಾಳೆ, ನಮ್ಮ ಎರಡನೆಯ ಸ್ಥಾನವನ್ನು ರದ್ದು ಮಾಡಿ ಎಂದು. ಎಲೆಗಳ ನಕ್ಷೆಯನ್ನೂ ಲಗತ್ತಿಸಿದೆ. ಅವರ ಬೆನ್ನ ಹಿಂದೆ ಆಗಬಾರದೆಂದು ಭಾವನಿಗೂ ಒಂದು ಪ್ರತಿ ಹೋಗಿದೆ. ಅವರು ನೇರ ಮನುಷ್ಯ, ತಿಳಿದುಕೊಳ್ಳುತ್ತಾರೆ.

ನಿನ್ನ ಅಣ್ಣ


ಮೇ ೪

ಚೋಟು,

ಮೂರು ವಾರವಾಯಿತು, ನಿನ್ನಿಂದ ಒಂದು ಸಾಲಿಲ್ಲ. ಮುನಿಸಿಕೊಂಡಿದ್ದೀಯೆ. ಮುನಿಸಿಕೋ, ಅದು ನಿನ್ನ ಹಕ್ಕು. ಆದರೆ ಚಿಕ್ಕಂದಿನಲ್ಲಿ ನೀನು ಮುನಿಸಿಕೊಂಡರೂ ಅರ್ಧ ದಿನಕ್ಕೆ ಮೇಲೆ ಹೋಗುತ್ತಿರಲಿಲ್ಲ. ಊಟದ ಹೊತ್ತಿಗೆ ಬಂದು ನನ್ನ ಕಾಲ ಮೇಲೆ ಕಾಲು ಹಾಕಿ ಕೂರುತ್ತಿದ್ದೆ.

ಕಾರ್ಯದರ್ಶಿ ನನ್ನ ಕಾಗದವನ್ನು ಸೂಚನಾ ಫಲಕಕ್ಕೆ ಅಂಟಿಸಿದ್ದಾರಂತೆ. ಅಷ್ಟರ ಅಗತ್ಯವಿರಲಿಲ್ಲ ಎಂದು ನನಗೂ ಅನ್ನಿಸಿತು. ಬೈದು ಬರಿ, ಪರವಾಗಿಲ್ಲ. ಬರಿ.

ಅಣ್ಣ


ಮೇ ೨೦

ಚೋಟು,

ನಿನ್ನ ವಿಭಾಗದ ಹಿರಿಯ ನರ್ಸಮ್ಮ ಫೋನಿನಲ್ಲಿ, "ಕಾಗದ ಬರೀರಿ, ತಲುಪಿಸ್ತೀನಿ. ಎಲ್ಲಿದ್ದಾರೆ ಅಂತ ಮಾತ್ರ ನನ್ನ ಕೇಳಬೇಡಿ" ಎಂದರು. ಧ್ವನಿಯಲ್ಲಿ ನನ್ನ ಮೇಲೆ ಸಿಟ್ಟಿತ್ತು. ನಾನು ಯಾರು ಎಂದು ಹೇಳಿದ ಮೇಲೆ ಬಂದ ಸಿಟ್ಟು ಅದು. ಈ ಕಾಗದ ನಿನ್ನ ಕೈ ಸೇರುತ್ತದೆ ಎಂದು ನಂಬಿ ಬರೆಯುತ್ತಿದ್ದೇನೆ.

ಮೊದಲು ಮನೆಗೆ ಫೋನು ಮಾಡಿದ್ದೆ. ನಿನ್ನ ಗಂಡ ಎತ್ತಿದರು. "ಚಿಕ್ಕಮ್ಮನ ಮನೆಗೆ ಹೋಗಿದ್ದಾಳೆ ಭಾವ. ನಿಮಗೇನಾದ್ರೂ ಕಾಗದ ಬಂದ್ರೆ ಎಲ್ಲಿಂದ ಅಂತ ನೋಡಿ ಹೇಳಿ, ಆಯ್ತಾ?" ಎಂದರು. ಎಂದಿನ ಹಾಗೆ ನಗುತ್ತಲೇ ಹೇಳಿದರು. ನಮಗೆ ಚಿಕ್ಕಮ್ಮ ಎಲ್ಲಿದ್ದಾಳೆ? ಅಮ್ಮ ಒಬ್ಬಳೇ ಮಗಳು, ಅಪ್ಪನಿಗೆ ತಮ್ಮಂದಿರಿಲ್ಲ.

ಆಮೇಲೆ ಹಲ್ಲಿನ ಡಾಕ್ಟರಿಗೆ ಮಾಡಿದೆ. ಅವರು ಹೇಳಿದ್ದನ್ನು ಹಾಗೆಯೇ ಬರೆಯುತ್ತೇನೆ. "ನಿಮ್ಮ ಕಾಗದ ಬೋರ್ಡಿಗೆ ಬಂದ ದಿನ ಕ್ಲಬ್ಬಲ್ಲಿ ಎಲ್ಲರೂ ಇವನ್ನ ಆಡ್ಕೊಂಡ್ರು. ಹೆಂಡ್ತಿ ಕರುಣೆ ತೋರ್ಸಿದ್ಕೆ ಎಂಟುನೂರಕ್ಕೆ ಉಳ್ಕೊಂಡ ಅಂತ. ಇವನೂ ನಕ್ಕ. ಎಲ್ಲರಿಗೂ ಚಾ ಹೇಳ್ದ. ಅವನು ಚಾ ಹೇಳಿದ್ರೆ ನನಗೆ ಹೆದರಿಕೆ ಆಗುತ್ತೆ ಸಾರ್. ಹೋದ ವರ್ಷ ನಿಮ್ಮ ತಂಗಿ ಮುಂದಿನ ಹಲ್ಲು ಮುರ್ಕೊಂಡು ಬಂದಿದ್ರು. ಮೆಟ್ಟಿಲಿಂದ ಬಿದ್ದೆ ಅಂದ್ರು. ಮೆಟ್ಟಿಲಿಂದ ಬಿದ್ರೆ ಮೂಗು ಗದ್ದ ಏನಾದ್ರೂ ತರಚಬೇಕಲ್ಲ, ಒಂದು ಗೀರಿಲ್ಲ. ನಾನು ಅವನ ಜೊತೆ ಕೂತು ಆಡೋನು, ಏನು ಕೇಳ್ಲಿ? ಹಲ್ಲು ಕಟ್ಟಿ ಕಳಿಸ್ದೆ."

ನಾನು ಫೋನಿಟ್ಟು ನಿನ್ನ ಕಾಗದಗಳನ್ನು ತೆಗೆದೆ. ಬೆರಳು ಸೀಳಿದ ಹೆಂಗಸಿನ ಕಾಗದವನ್ನು ಈ ಸಲ ಓದಿದೆ. ಹಿಂದೆ ಓದಿರಲಿಲ್ಲ, ಕಣ್ಣಾಡಿಸಿದ್ದೆ, ಡೈಮಂಡಿಗೆ ಏನು ಉತ್ತರ ಕೊಟ್ಟಿದ್ದೀಯೆ ಎಂದು ಹುಡುಕುತ್ತಿದ್ದೆ. ನೀನು ಕೋಣೆ ಕೇಳಿದ್ದೆ, ನಾನು ಸ್ನಾನದ ಮನೆಯ ಲೆಕ್ಕ ಹೇಳಿದೆ.

ಅವನ ಹತ್ತಿರ ಇರಬೇಡ. ಎಲ್ಲಿದ್ದೀಯೆ ಹೇಳು, ಇವತ್ತೇ ರಜೆ ಹಾಕುತ್ತೇನೆ, ಮೊದಲ ರೈಲಿಗೆ ಬರುತ್ತೇನೆ. ಅವನ ಮೇಲೆ ದೂರು ಬರೆದಿಟ್ಟಿದ್ದೇನೆ. ಪೊಲೀಸರಿಗೆ, ಬ್ಯಾಂಕಿನ ಮೇಲಿನವರಿಗೆ, ಕ್ಲಬ್ಬಿಗೆ. ನಿನ್ನ ಆಸ್ಪತ್ರೆಯ ಚಿತ್ರಗಳನ್ನು ಲಗತ್ತಿಸಬೇಕು. ನಿನ್ನ ವಿಳಾಸವೊಂದು ಗೊತ್ತಾದರೆ ನಾಳೆಯೇ ಅಂಚೆಗೆ ಹಾಕುತ್ತೇನೆ. ಒಂದು ಸಾಲು ಬರಿ ಚೋಟು. ಬದುಕಿದ್ದೀಯೆ ಎಂದಾದರೂ ಬರಿ.

ಅಣ್ಣ


ಜೂನ್ ೧೫

ಅಣ್ಣನಿಗೆ,

ಬದುಕಿದ್ದೇನೆ. ಇದು ಎಡಗೈ ಬರಹ. ಕೂತು, ಎದ್ದು, ಮತ್ತೆ ಕೂತು ಬರೆಯುತ್ತಿದ್ದೇನೆ, ಎಷ್ಟೋ ದಿನವಾಯಿತು. ನಿನ್ನ ಮೂರು ಕಾಗದವೂ ಒಟ್ಟಿಗೆ ಬಂದವು. ನರ್ಸಕ್ಕ ಕಳಿಸಿದರು.

ನೀನು ಕೇಳಿದ ಪ್ರಶ್ನೆಗೆ ಉತ್ತರ ಬಾಕಿ ಇದೆ. ಆಟೀನು ಯಾಕೆ ಕೊಡಲಿಲ್ಲ ಎಂದು. ಈಗ ಹೇಳುತ್ತೇನೆ, ಒಂದೇ ಸಲ.

ನೀನು ಡಬಲ್ ಎಂದಾಗ ಮೇಜಿನ ಕೆಳಗೆ ಅವರ ಬೂಟು ನನ್ನ ಪಾದದ ಮೇಲೆ ಬಂತು. ಆಟ ಮುಗಿಯುವವರೆಗೂ ಅಲ್ಲೇ ಇತ್ತು. ನೀನು ಆಟೀನು ಎಸೆದೆ, ಡಾಕ್ಟರು ಡಮ್ಮಿಯ ಎಲೆ ಹರಡಿದರು. ಐದು ಕಡಿಮೆ ಬೀಳುತ್ತಾರೆ ಎಂದು ನನಗೆ ಆಗಲೇ ಗೊತ್ತಾಯಿತು. ನಿನಗೆ ಮೂರು ಸಲ ಮಂಚದ ಮೇಲೆ ಹರಡಿದ ಮೇಲೆ ತಿಳಿದದ್ದು ನನಗೆ ಒಂದು ಉಸಿರಿನಲ್ಲಿ ತಿಳಿಯಿತು. ಅಪ್ಪ ಇದ್ದಿದ್ದರೆ ಹೆಮ್ಮೆಪಡುತ್ತಿದ್ದರು. ಐದಾದರೆ ಮನೆಯಲ್ಲಿ ಏನಾಗುತ್ತದೆ ಎಂಬುದೂ ಗೊತ್ತಿತ್ತು. ಕ್ಲಬ್ಬಿನವರೆಲ್ಲ ನಗುತ್ತಿದ್ದರು.

ಎಷ್ಟು ಬಿಟ್ಟುಕೊಡಬಹುದು ಎಂದು ಲೆಕ್ಕ ಹಾಕಿದೆ. ನಾಲ್ಕು ಬಿಟ್ಟರೆ ಅವರಿಗೇ ಗೊತ್ತಾಗುತ್ತದೆ. ಹೆಂಡತಿ ಭಿಕ್ಷೆ ಹಾಕಿದಳು ಎಂದು ಗೊತ್ತಾದರೆ ಐದಕ್ಕಿಂತ ಕೆಟ್ಟದ್ದು. ಎರಡು ಬಿಡಬಹುದಿತ್ತು. ಎರಡು, ಮತ್ತು ಎರಡೂ ದಣಿವಿನ ಹಾಗೆ ಕಾಣಬೇಕಿತ್ತು. ಆ ಡೈಮಂಡಿನ ಬದಲು ಬೇರಾವ ಎಲೆಯಿಂದ ಬಿಟ್ಟುಕೊಡಲು ಹೋಗಿದ್ದರೂ ನಿನಗೋ ಅವರಿಗೋ ಅಲ್ಲೇ ಅನುಮಾನ ಬರುತ್ತಿತ್ತು. ಬರಲಿಲ್ಲ. ನಾನು ಬದುಕಿನಲ್ಲಿ ಅಷ್ಟು ಚೆನ್ನಾಗಿ ಎಂದೂ ಆಡಿಲ್ಲ ಅಣ್ಣ. ಮೂರು ಕಡಿಮೆಗೆ ಒಂದು ಬೆರಳು ಹೋಯಿತು. ಅಷ್ಟರಲ್ಲಿ ಮುಗಿಯಿತಲ್ಲ ಎಂದುಕೊಂಡೆ.

ಎಲೆ ಹಿಡಿದು ತಡೆದದ್ದು ನಿಜ. ಎರಡು ಸಲವೂ ನಿನ್ನ ಮುಖ ನೋಡುತ್ತಿದ್ದೆ. ಒಂದು ಸಲ ನನ್ನ ಕಡೆ ತಿರುಗಿದ್ದರೆ ಸಾಕಿತ್ತು. ಕಿಟಕಿಯಲ್ಲಿ ಏನಿತ್ತು?

ಅವರಿಗೆ ಕಾಣಲಿಲ್ಲ. ಕ್ಲಬ್ಬಿನಲ್ಲಿ ಯಾರಿಗೂ ಕಾಣಲಿಲ್ಲ. ನಿನಗೆ ಕಂಡಿತು, ನೀನು ಅವರಿಗೆ ಹೇಳಿದೆ. ನಕ್ಷೆ ಸಮೇತ.

ಆ ಪ್ರತಿ ಬಂದ ಸಂಜೆ ಅವರು ನಿನ್ನ ನಕ್ಷೆಯನ್ನು ಮೇಜಿನ ಮೇಲೆ ಹರಡಿ ಎಲೆಗಳನ್ನು ಜೋಡಿಸಿದರು. ನನ್ನನ್ನು ಎದುರು ಕೂರಿಸಿ, "ಈಗ ಸರಿಯಾಗಿ ಆಡು. ನಿಮ್ಮಣ್ಣ ಹೇಳ್ದಂಗೆ ಆಡು" ಎಂದರು. ಆಡಿದೆ. ಆಟೀನು ಹಿಂದಿರುಗಿಸಿದೆ, ಡೈಮಂಡು ಇಟ್ಟುಕೊಂಡೆ. ಐದು ಕಡಿಮೆ ಬಿದ್ದರು. ಆಮೇಲೆ ಎದ್ದು ಬಾಗಿಲ ಹತ್ತಿರ ಕರೆದರು. ಬಲಗೈ ಮಣಿಕಟ್ಟಿನ ಎರಡೂ ಮೂಳೆ ಹೋಗಿದೆ. ಈ ಸಲ ನಿಜವಾಗಿ ಬಾಗಿಲೇ. ನರ್ಸಕ್ಕ ಚಿತ್ರ ತೆಗೆಸಿದರು, ತೆಗೆದ ಹುಡುಗಿ ಅತ್ತಳು. ಆ ಕೈಯಲ್ಲಿ ಇನ್ನು ರೋಗಿಗಳನ್ನು ಎತ್ತಿ ಮಲಗಿಸಲು ಆಗುವುದಿಲ್ಲ, ಹಾಗಾಗಿ ಆ ಕೆಲಸವೂ ಹೋಯಿತು. ಆಸ್ಪತ್ರೆಯ ಹಿಂದಿನ ಗೇಟಿನಿಂದ ನರ್ಸಕ್ಕನೇ ನನ್ನನ್ನು ಹೊರಡಿಸಿದರು. ಉಟ್ಟ ಬಟ್ಟೆಯಲ್ಲಿ ಬಂದೆ.

ನಿನ್ನ ಮೇಲೆ ನನಗೆ ಕೋಪ ಇದೆ. ಬಹಳ ಇದೆ. ನೀನು ಕೆಟ್ಟವನಾಗಿದ್ದರೆ ಈ ಕೋಪ ಸುಲಭವಾಗುತ್ತಿತ್ತು. ನಿನ್ನನ್ನು ನೆನೆದಾಗ ಅಳುವೂ ಬರುತ್ತದೆ, ದಿಂಬು ಹಾಕಿದ ಕುರ್ಚಿಯಿಂದ ನಾನು ಜಾರದಂತೆ ಹಿಡಿದುಕೊಂಡಿದ್ದವನು ನೀನೇ ಅಲ್ಲವೇ. ಆದರೂ ನೀನು ಬರಬೇಡ. ಆ ದೂರುಗಳನ್ನು ಕಳಿಸಬೇಡ, ಚಿತ್ರಗಳನ್ನು ಯಾರಿಗೂ ಕೇಳಬೇಡ. ಕಳಿಸಿದರೆ ನರ್ಸಕ್ಕನ ಹೆಸರು ಹೊರಗೆ ಬರುತ್ತದೆ. ದೂರು ಕೊಡುವ ದಿನ ಬಂದರೆ ನಾನೇ ಕೊಡುತ್ತೇನೆ, ನನ್ನದೇ ಕೈಯಿಂದ, ನಾನು ಆರಿಸಿದವರಿಗೆ.

ಈ ಕಾಗದದ ಮೇಲೆ ವಿಳಾಸ ಬರೆದಿಲ್ಲ. ಅಂಚೆ ಮುದ್ರೆ ನೋಡಿ ಹುಡುಕಿಕೊಂಡು ಹೋಗಬೇಡ, ಇದನ್ನು ನಾನಿಲ್ಲದ ಊರಿನಿಂದ ಹಾಕಿಸಿದ್ದೇನೆ. ಮುಂದೆ ಬರೆದರೂ ಹಾಗೇ ಹಾಕಿಸುತ್ತೇನೆ. ಅವರು ನಿನಗೆ ಮತ್ತೆ ಫೋನು ಮಾಡುತ್ತಾರೆ. ನಗುತ್ತಾ ಕೇಳುತ್ತಾರೆ, ಭಾವ, ಅವಳು ಎಲ್ಲಿದ್ದಾಳೆ ಎಂದು. ನಿನಗೆ ಸುಳ್ಳು ಹೇಳಲು ಬರುವುದಿಲ್ಲ. ಗೊತ್ತಿಲ್ಲ ಎಂದು ನಿಜವನ್ನೇ ಹೇಳಿಬಿಡು.

ನಿನ್ನ ತಂಗಿ